ಲಗ್ಗೆರೆ ಎಂಬ ಊರನ್ನು ನಾನು ಹೊಡೆದುಹಾಕಿದ್ದು

ಧಡ್. ಅದರ ಬೆನ್ನಿಗೇ, ಕಿಣಿ.

ಧಡ್ ಅನ್ನುವುದು ಗೋಡೆಯ ಆಚೆ ಬೀಳುತ್ತಿದ್ದ, ತಗಡು ಒತ್ತುವ ಪವರ್ ಪ್ರೆಸ್. ಕಿಣಿ ಅನ್ನುವುದು ನನ್ನ ಟೇಬಲ್ಲಿನ ಮೇಲೆ, ಸಾಸರಿನೊಳಗೆ ಟೀ ಕಪ್ಪು ಒಮ್ಮೆ ಮೈ ಕೊಡವಿದ ಸದ್ದು. ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಪರ್ಸನಲ್ ಡಿಪಾರ್ಟ್‌ಮೆಂಟಿನ ವೆಲ್‌ಫೇರ್ ಆಫೀಸರ್ ಆಗಿ, ಇಪ್ಪತ್ತೇಳು ವರ್ಷ ನಾನು ಈ ಎರಡು ಸದ್ದಿನ ನಡುವೆ ಕೂತು ಕೆಲಸ ಮಾಡಿದೆ. ಮೊದಲ ವಾರ ತಲೆನೋವು ಬಂತು. ಎರಡನೇ ವಾರ ಮರೆತೆ. ಆಮೇಲೆ ಧಡ್ ನನಗೆ ಕೇಳಿಸುತ್ತಲೇ ಇರಲಿಲ್ಲ, ಕಿಣಿ ಮಾತ್ರ ಕೇಳಿಸುತ್ತಿತ್ತು. ಊಟದ ಬ್ರೇಕಿನಲ್ಲಿ ಸಾಸರ್ ಸುಮ್ಮನಾದರೆ ತಲೆಯೆತ್ತಿ ಗಡಿಯಾರ ನೋಡುತ್ತಿದ್ದೆ.

ನಾನೀಗ ಎಪ್ಪತ್ತು ದಾಟಿದವಳು. ಇದನ್ನೆಲ್ಲ ಬರೆಯಲು ಕೂತದ್ದು ನನ್ನ ತಂಗಿಯ ಮಗಳು ಶ್ರುತಿಯಿಂದಾಗಿ. ಅವಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಚ್‌ಆರ್. ಹೋದ ತಿಂಗಳು ಲ್ಯಾಪ್‌ಟಾಪ್ ತಂದು ಏನೋ ತೋರಿಸಿದಳು. ಅವರಲ್ಲಿ ನಲವತ್ತೈದಕ್ಕೇ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿ ನೆಲೆಸುವವರು ಇದ್ದಾರಂತೆ. ಅಂಥವರಿಗೆ ಊರು ಆರಿಸಿಕೊಡಲು ಇವಳ ಟೀಮ್ ಒಂದು ಎಕ್ಸೆಲ್ ಶೀಟ್ ಮಾಡಿದೆ. ಗಾಳಿ ಎಷ್ಟು ಶುದ್ಧ, ಆಸ್ಪತ್ರೆ ಎಷ್ಟು ದೂರ, ಇಂಟರ್ನೆಟ್ ಎಷ್ಟು ಸ್ಪೀಡು, ಒಂದೊಂದಕ್ಕೂ ಕಾಲಂ, ಒಂದೊಂದಕ್ಕೂ ಮಾರ್ಕ್ಸ್.

“ಹೇಗಿದೆ ದೊಡ್ಡಮ್ಮಾ? ನೀವೂ ಇದೇ ಕೆಲಸ ಮಾಡ್ತಿದ್ರಂತೆ, ಅಮ್ಮ ಹೇಳಿದ್ಲು. ನಮ್ಮಲ್ಲಿ ಹೊಸದಾಗಿ ಸೇರ್ತಿರೋರಿಗೆ ಏನಾದ್ರೂ ಬರೆದುಕೊಡಿ.”

ಶೀಟ್ ನೋಡಿದೆ. ಅದು ನನ್ನದೇ ಶೀಟ್. ನಾನು ಕೆಂಪು ಪೆನ್ಸಿಲ್‌ನಲ್ಲಿ, ಸ್ಕೇಲ್ ಇಟ್ಟು ಗೆರೆ ಎಳೆದು ಮಾಡಿದ್ದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ, ಮೈ ಡಿಯರ್ ಮಕ್ಕಳೇ, ನನ್ನ ಪ್ರಮೋಷನ್ನುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬಂದದ್ದು ಎರಡು, ಎರಡೂ ಲೇಟಾಗಿ. ಒಬ್ಬ ಮನುಷ್ಯನ ಬಗ್ಗೆ ಬರೆಯುತ್ತೇನೆ. ಆತನಿಗೆ ನಾನು ಎರಡು ಸಲ ಊರು ಆರಿಸಿಕೊಟ್ಟೆ. ಎರಡು ಸಲವೂ ತಪ್ಪು ಮಾಡಿದೆ.

ನಮ್ಮಲ್ಲಿ ಕೆಲಸಕ್ಕೆ ಸೇರಿದ ದಿನವೇ ಎಲ್ಲರೂ ತುಂಬಬೇಕಾದ ಒಂದು ಫಾರ್ಮ್ ಇತ್ತು, ಹೋಮ್ ಟೌನ್ ಡಿಕ್ಲರೇಷನ್ ಅಂತ. ರಜೆಯಲ್ಲಿ ಊರಿಗೆ ಹೋಗುವ ಪ್ರಯಾಣದ ಖರ್ಚನ್ನು ಕಂಪನಿ ಆ ಊರಿಗೆ ಮಾತ್ರ ಕೊಡುತ್ತಿತ್ತು. ಕೆಲಸ ಬಿಟ್ಟಾಗ ಮನೆಸಾಮಾನನ್ನೆಲ್ಲ ಲಾರಿಯಲ್ಲಿ ಆ ಊರಿಗೆ ತಲುಪಿಸುವುದೂ ಕಂಪನಿಯದೇ ಜವಾಬ್ದಾರಿ. ಇಡೀ ಸರ್ವಿಸಿನಲ್ಲಿ ಒಂದೇ ಒಂದು ಸಲ ಆ ಊರನ್ನು ಬದಲಾಯಿಸಬಹುದಿತ್ತು. ಒಂದು ಸಾಲಿನ ಕಾಲಂ, ಆದರೆ ಅದರ ಮೇಲೆ ಒಬ್ಬ ಮನುಷ್ಯನ ಉಳಿದ ಆಯುಷ್ಯವೇ ಕೂತಿರುತ್ತಿತ್ತು. ಇದು ಆಗ ನನಗೆ ತಿಳಿದಿರಲಿಲ್ಲ.

ನಾನು ದಾವಣಗೆರೆಯವಳು, ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರುಗಳು ಕಲಿಸಿದ್ದು ಎರಡು: ಮಾರ್ಜಿನ್ ಬಿಟ್ಟು ಬರೆಯಬೇಕು, ದನಿ ಟೇಬಲ್ಲಿನ ಆಚೆ ಅಂಚು ದಾಟಬಾರದು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಪ್ರೆಸ್ ಶಾಪಿಗೆ ಒಂದು ಬ್ಯಾಚ್ ಬಂತು. ಅವರ ಫಾರ್ಮುಗಳನ್ನು ನಾನು ಪರೀಕ್ಷೆಯ ಪೇಪರ್ ತಿದ್ದಿದಂತೆ ತಿದ್ದಿದೆ. ಒಂದರಲ್ಲಿ ಹೀಗಿತ್ತು. ಹೆಸರು: ಸಿದ್ದಲಿಂಗಪ್ಪ. ವಯಸ್ಸು: ಇಪ್ಪತ್ತೆರಡು. ಹೋಮ್ ಟೌನ್: ಲಗ್ಗೆರೆ.

ಲಗ್ಗೆರೆ ಆಗ ಈಗಿನ ಹಾಗೆ ಮನೆ ಮೇಲೆ ಮನೆ ಏರಿದ ಜಾಗವಲ್ಲ. ಒಂದಷ್ಟು ರಾಗಿ ಹೊಲ, ಶೀಟ್ ಹಾಕಿದ ನಾಲ್ಕು ವಠಾರ, ಕಾರ್ಖಾನೆಗೆ ನಡೆದೇ ಬರುವಷ್ಟು ದೂರ. ನಾನು ಅದರ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದೆ. ಪಕ್ಕದಲ್ಲಿ ‘ನೇಟಿವ್ ಪ್ಲೇಸ್ ಪ್ಲೀಸ್’ ಎಂದು ಬರೆದು ಆತನನ್ನು ಕರೆಸಿದೆ. ಬಡಕಲು ಮೈ, ಎಣ್ಣೆ ಹಚ್ಚಿ ಬಾಚಿದ ತಲೆ, ಟೇಬಲ್ಲಿನಿಂದ ಎರಡು ಹೆಜ್ಜೆ ದೂರ ನಿಂತರು.

“ಇದು ನೀವು ಬಾಡಿಗೆಗೆ ಇರೋ ಜಾಗ ಅಲ್ವಾ? ಸ್ವಂತ ಊರು ಬರೀಬೇಕು.”

“ಅಲ್ಲಿಂದ ಬಂದ್ಬಿಟ್ಟಿವ್ನಿ ಮಿಸ್.”

“ಹುಟ್ಟಿದ್ದೆಲ್ಲಿ?”

“ಅರಸೀಕೆರೆ ಅತ್ರ.”

“ಹಾಗಾದ್ರೆ ಅದನ್ನೇ ಬರೀರಿ.”

ವಾದ ಮಾಡಲಿಲ್ಲ. ಪೆನ್ನು ತೆಗೆದುಕೊಂಡು ಹಳ್ಳಿಯ ಹೆಸರು ಬರೆದರು. ಆದರೆ ಬರೆಯುವ ಮೊದಲು ಆ ಕೆಂಪು ಗೆರೆಯ ಮೇಲೆ ಬೆರಳಿಟ್ಟು ಒಮ್ಮೆ ಮೆಲ್ಲಗೆ ಎಳೆದರು. ಒರೆಸಿದರೆ ಹೋಗುತ್ತದೇನೋ ಅನ್ನುವ ಹಾಗೆ.

ಫಾರ್ಮ್ ನನ್ನ ಮ್ಯಾನೇಜರ್ ರಾವ್ ಸಾರ್ ಟೇಬಲ್ಲಿಗೆ ಹೋಯಿತು. ಅವರು ರಿಟೈರ್‌ಮೆಂಟಿಗೆ ಹತ್ತಿರವಿದ್ದವರು, ನಶ್ಯ ಏರಿಸಿ ಏರಿಸಿ ಕರವಸ್ತ್ರವೆಲ್ಲ ಕಂದು ಬಣ್ಣ. ನನ್ನನ್ನು ಕರೆದರು.

“ಗಿರಿಜಾ, ಏನಮ್ಮಾ ಇದು, ಕಾಂಪೊಸಿಷನ್ ನೋಟ್‌ಬುಕ್ ತಿದ್ದಿದೀಯಾ?”

“ಸಾರ್, ಅವರು ಲಗ್ಗೆರೆ ಅಂತ ಬರೆದಿದ್ರು...”

“ಬರೀಲಿ. ಒಬ್ಬನ ಊರು ಯಾವುದು ಅಂತ ತಿಳ್ಕೋಬೇಕಾದ್ರೆ ಹುಟ್ಟಿದ್ದೆಲ್ಲಿ ಅಂತ ಕೇಳಬಾರದು. ಜ್ವರ ಬಂದ್ರೆ ಎಲ್ಲಿ ಹೋಗಿ ಮಲಗ್ತೀಯಪ್ಪಾ ಅಂತ ಕೇಳು. ಅದನ್ನೂ ಹೀಗೆ ಟೇಬಲ್ ಮುಂದೆ ನಿಲ್ಲಿಸ್ಕೊಂಡು ಕೇಳ್ಬೇಡ. ಅವನು ಕೆಲಸ ಮಾಡೋ ಜಾಗಕ್ಕೆ ಹೋಗಿ ಕೇಳು.”

“ಯೆಸ್ ಸಾರ್” ಅಂದೆ. ಮನಸ್ಸಿನಲ್ಲಿ, ಪಾಪ, ಹಳೇ ಕಾಲದವರು ಅಂದುಕೊಂಡೆ. ಫಾರ್ಮ್ ಹಾಗೇ ಫೈಲಿಗೆ ಹೋಯಿತು.

ಪ್ರೆಸ್ ಶಾಪಿನ ಬಗ್ಗೆ ನಿಮಗೆ ಹೇಳಬೇಕು, ಯಾಕೆಂದರೆ ನೀವು ಕೆಲಸ ಮಾಡುವ ಗಾಜಿನ ಕಟ್ಟಡಗಳಲ್ಲಿ ಅಂಥದ್ದು ಇಲ್ಲ. ಒಳಗೆ ಹೋದರೆ ನಿಮ್ಮ ಮಾತು ನಿಮಗೇ ಕೇಳಿಸದು. ಆದರೆ ಅಲ್ಲಿ ದಿನವಿಡೀ ಮಾತು ನಡೆಯುತ್ತಿತ್ತು, ಎಲ್ಲವೂ ಕೈಯಲ್ಲಿ. ಅಂಗೈಯ ಮೇಲೆ ಬೆರಳು ಸುತ್ತಿದರೆ ಟೀ. ಕುತ್ತಿಗೆಯಲ್ಲಿ ಇಲ್ಲದ ಟೈ ಎಳೆದರೆ ಸೂಪರ್‌ವೈಸರ್ ಬಂದ. ನಿನ್ನ ಮಗಳಿಗೆ ಗಂಡು ಸಿಕ್ಕಿತಾ, ನಿಮ್ಮತ್ತೆ ಊರಿಗೆ ಹೋದಳಾ, ನಿನ್ನೆ ಮ್ಯಾಚ್ ಏನಾಯಿತು, ಎಲ್ಲಕ್ಕೂ ಕೈ ಇತ್ತು. ಯಾರೂ ಕಲಿಸಿದ್ದಲ್ಲ, ಪುಸ್ತಕದಲ್ಲಿದ್ದದ್ದಲ್ಲ. ಆ ಶೆಡ್ಡಿನವರು ತಮಗೆ ತಾವೇ ಕಟ್ಟಿಕೊಂಡದ್ದು. ಒಬ್ಬೊಬ್ಬರಿಗೂ ಒಂದು ಕೈಹೆಸರು.

ಅದರಲ್ಲಿ ಒಂದು ಮಾತ್ರ ನಿಯಮವೇ ಆಗಿತ್ತು. ದೊಡ್ಡ ಪ್ರೆಸ್ಸಿಗೆ ಇಬ್ಬರು. ಒಬ್ಬ ತಗಡನ್ನು ಡೈ ಎಂಬ ಅಚ್ಚಿನ ಮೇಲೆ ಇಡುವವನು, ಇನ್ನೊಬ್ಬ ಪೆಡಲ್ ಒತ್ತುವವನು. ತಗಡು ಇಟ್ಟವನು ಎರಡೂ ಕೈಯನ್ನು ಭುಜದ ಎತ್ತರಕ್ಕೆ ಎತ್ತಿ, ಅಂಗೈ ಬಿಚ್ಚಿ ತೋರಿಸಬೇಕು. ನನ್ನ ಕೈ ಹೊರಗಿದೆ, ಇನ್ನು ಬೀಳಲಿ ಎಂದು ಅರ್ಥ. ಒಂದೇ ಕೈ ಎತ್ತಿದರೆ ಪೆಡಲ್ ಒತ್ತುವಂತಿಲ್ಲ. ಎರಡೂ ಕಾಣಬೇಕು.

ಸಿದ್ದಲಿಂಗಪ್ಪ ಸೇರಿದ ಒಂಬತ್ತನೇ ವರ್ಷ, ಎರಡೂ ಕೈ ಕಾಣುವ ಮೊದಲೇ ಪ್ರೆಸ್ ಬಿತ್ತು. ಎಡಗೈಯ ತೋರುಬೆರಳಿನ ಎರಡು ಗೆಣ್ಣು ಹೋಯಿತು. ಆಸ್ಪತ್ರೆಗೆ ಹಾರ್ಲಿಕ್ಸ್ ಬಾಟಲಿ ಹಿಡಿದು ಹೋದವಳು ನಾನೇ. ಮೂರು ತಿಂಗಳಲ್ಲಿ ಅದೇ ಮಷೀನಿಗೆ ವಾಪಸ್ ಬಂದರು. ಅವರ ಪಕ್ಕದ ಪ್ರೆಸ್ಸಿನ ಮರಿಯಪ್ಪ, ಆ ಶೆಡ್ಡಿನ ಬಾಯಾಳಿ, ನನ್ನ ರೂಮಿಗೆ ಬಂದು ಗಂಭೀರವಾಗಿ ಹೇಳಿದ.

“ಮಿಸ್, ಒಂದು ಕಂಪ್ಲೇಂಟು. ನಮ್ ಸಿದ್ಲಿಂಗ ಈಗ ತೊದಲ್ತಾನೆ.”

“ಅಂದ್ರೆ?”

“ತೋರುಬೆರಳು ಬೇಕಾದ ಮಾತೆಲ್ಲ ಅರ್ಧಕ್ಕೇ ನಿಲ್ಲತ್ತೆ ಮಿಸ್. ಟೀ ಅಂತಾನೋ ಟ್ರಾನ್ಸ್‌ಫರ್ ಅಂತಾನೋ ಒಂದೂ ತಿಳಿಯಲ್ಲ.”

ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗಪ್ಪ ಆ ಅರ್ಧ ಬೆರಳಿನಿಂದಲೇ ಮರಿಯಪ್ಪನಿಗೆ ಏನೋ ಬೈದರು. ಇಬ್ಬರೂ ನಕ್ಕರು. ಅಂಥ ನಗೆಯ ಮುಂದೆ ಮುಖವನ್ನು ಹೇಗಿಟ್ಟುಕೊಳ್ಳಬೇಕು ಎಂದು ಯಾವ ಸಿಸ್ಟರೂ ನನಗೆ ಹೇಳಿಕೊಟ್ಟಿರಲಿಲ್ಲ. “ನನಗೂ ಒಂದು ಕೈಹೆಸರು ಇದೆಯಾ?” ಎಂದು ಕೇಳಿದೆ, ವಾತಾವರಣ ತಿಳಿ ಮಾಡೋಣ ಅಂತ. ಮರಿಯಪ್ಪ ತಲೆ ಕೆರೆದುಕೊಂಡ. “ಛೆ, ನಿಮಗ್ಯಾಕೆ ಮಿಸ್.”

ಆಮೇಲೆ ವರ್ಷಗಳು ಹೋದವು. ರಾವ್ ಸಾರ್ ರಿಟೈರ್ ಆದರು, ತೀರಿಯೂ ಹೋದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಪರ್ಸನಲ್ ಡಿಪಾರ್ಟ್‌ಮೆಂಟ್ ಹೆಸರು ಬದಲಾಗಿ ಎಚ್‌ಆರ್ ಆಯಿತು. ಲಗ್ಗೆರೆಯ ರಾಗಿ ಹೊಲಗಳ ಮೇಲೆ ಮೂರಂತಸ್ತಿನ ಮನೆಗಳು ಎದ್ದವು. ಕೊನೆಗೆ ಒಂದು ದಿನ, ಪ್ರೆಸ್ ಶಾಪ್ ಮುಚ್ಚುತ್ತೇವೆ, ತಗಡಿನ ಕೆಲಸ ಹೊರಗೆ ಕೊಡುತ್ತೇವೆ ಎಂದು ಹೆಡ್ ಆಫೀಸಿನಿಂದ ಆರ್ಡರ್ ಬಂತು. ಎಲ್ಲರಿಗೂ ಸ್ವಯಂ ನಿವೃತ್ತಿ. ನಲವತ್ತು ದಾಟಿದವರು, ಐವತ್ತು ಮುಟ್ಟದವರು, ಇನ್ನೂ ಮೈಯಲ್ಲಿ ಕಸುವಿದ್ದವರು, ಈಗ ಉಳಿದ ಬದುಕನ್ನು ಎಲ್ಲಿ ಕಳೆಯುವುದು ಎಂದು ಎರಡು ತಿಂಗಳಲ್ಲಿ ಹೇಳಬೇಕು. ಹೊಸದಾಗಿ ಬಂದಿದ್ದ ಜನರಲ್ ಮ್ಯಾನೇಜರ್ ನನಗೆ ಅಂದರು, “ಮೇಡಂ, ಸೆಟ್ಲ್‌ಮೆಂಟ್ ಎಲ್ಲ ಫಾಸ್ಟ್ ಆಗಿ ಮುಗಿಸಿ.”

ಆಗ ನಾನು ನನ್ನ ಪಟ್ಟಿ ಮಾಡಿದೆ. ಐದು ಕಾಲಂ: ಮನೆ, ನೀರು, ಆಸ್ಪತ್ರೆ, ಬಸ್ಸು-ರೈಲು, ಹತ್ತಿರದ ಬಂಧುಗಳು. ತಲಾ ಎರಡು ಮಾರ್ಕು, ಒಟ್ಟು ಹತ್ತು. ಐದಕ್ಕಿಂತ ಕಡಿಮೆ ಬಂದರೆ ಊರು ಬದಲಾಯಿಸಿಕೊಳ್ಳಿ ಎಂದು ಸಲಹೆ ಕೊಡುತ್ತಿದ್ದೆ. ಫ್ರಾಂಕ್ಲಿ ಹೇಳುತ್ತೇನೆ, ನನಗೆ ಆ ಕೆಲಸ ತುಂಬ ಹಿಡಿಸಿತ್ತು. ಪ್ರೆಸ್ ಶಾಪಿನ ಒಬ್ಬರ ಹೆಂಡತಿ ಸೀದಾ ನನ್ನ ರೂಮಿಗೆ ನುಗ್ಗಿದ್ದರು.

“ನಮ್ಮೂರಿಗೆ ನಾಲ್ಕಾ? ಯಾರ್ರೀ ಹಾಕಿದ್ದು ನಾಲ್ಕು?”

“ಆಸ್ಪತ್ರೆ ದೂರ ಇದೆಯಲ್ಲಮ್ಮ...”

“ನಮ್ಮೂರ ನೀರು ಕುಡಿದೋರಿಗೆ ಆಸ್ಪತ್ರೆ ಯಾಕ್ರೀ ಬೇಕು? ನಮ್ಮತ್ತೆ ತೊಂಬತ್ತು ವರ್ಷ ಇದ್ರು, ಸಾಯೋ ದಿನಾನೂ ನನ್ನ ಬೈದೇ ಸತ್ತಿದ್ದು!”

ನೀರಿಗೆ ಒಂದು ಮಾರ್ಕು ಜಾಸ್ತಿ ಹಾಕಿ ಐದು ಮಾಡಿದೆ. ಎಲ್ಲರೂ ನಕ್ಕೆವು.

ಸಿದ್ದಲಿಂಗಪ್ಪ ಬಂದದ್ದು ಕೊನೆಯ ವಾರ. ಜೊತೆಗೆ ಅವರ ಹೆಂಡತಿ ಗಂಗಮ್ಮ, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅಷ್ಟರಲ್ಲಿ ಗೋಡೆಯಾಚೆಯ ಪ್ರೆಸ್ ನಿಂತುಹೋಗಿತ್ತು. ಸಾಸರ್ ಸುಮ್ಮನಿತ್ತು. ಅಬ್ಬಾ, ಈಗ ನಿಧಾನವಾಗಿ ಮಾತಾಡಬಹುದು ಎಂದುಕೊಂಡೆ, ಸಿಸ್ಟರುಗಳು ಕಲಿಸಿದ್ದ ಆ ಮೆಲುದನಿಯಲ್ಲಿ ಎಲ್ಲ ವಿವರಿಸಿದೆ. ಅಣ್ಣ ಇದ್ದಾರೆ, ಎರಡು ಮಾರ್ಕು. ಅರಸೀಕೆರೆ ಹತ್ತಿರವಿದೆ, ರೈಲಿಗೆ ಎರಡು.

“ಅಣ್ಣಾರು ನಮಗೇ ಅಂತ ಒಂದು ಮನೆ ಬಿಟ್ಕೊಟ್ಟವ್ರೆ ಮಿಸ್, ಮುಂದ್ಗಡೆ ಜಾಗ ಐತೆ” ಎಂದರು ಗಂಗಮ್ಮ. ಅವರ ಕಣ್ಣು ಹೊಳೆಯುತ್ತಿತ್ತು.

ನಾನು ಗಂಡನ ಕಡೆ ತಿರುಗಿದೆ. ಅವರು ನನ್ನ ಸಾಸರನ್ನೇ ನೋಡುತ್ತಿದ್ದರು.

“ನಿಮಗೂ ಒಪ್ಪಿಗೆ ತಾನೇ ಸಿದ್ದಲಿಂಗಪ್ಪ?”

“ಊಂ ಮಿಸ್.”

“ಊರು ಬದಲಾಯಿಸೋ ಅವಕಾಶ ನಿಮಗಿನ್ನೂ ಇದೆ. ಬೇರೆ ಎಲ್ಲಾದ್ರೂ ಇರ್ಬೇಕು ಅನ್ಸಿದ್ರೆ ಎಲ್ಲಿ ಅಂತ ಈಗ್ಲೇ ಹೇಳ್ಬಿಡಿ.”

“ಊಂ ಮಿಸ್.”

ಎಲ್ಲಿ ಎಂದು ಕೇಳಿದರೆ ಊಂ ಅನ್ನುವವನು ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹತ್ತಕ್ಕೆ ಎಂಟು ಎಂದು ಬರೆದು ಫೈಲ್ ಮುಚ್ಚಿದೆ. ಮುಂದಿನ ವಾರ ಲಗ್ಗೆರೆಯ ಗಲ್ಲಿಯಿಂದ ಲಾರಿ ಹೊರಟಾಗ ನಾನೂ ಹೋಗಿ ಒಂದು ಸ್ವೀಟ್ ಬಾಕ್ಸ್ ಕೊಟ್ಟು ಬಂದೆ. ಪ್ರೆಸ್ ಶಾಪಿನವರೆಲ್ಲ ಸಾಮಾನು ಹೇರಲು ಬಂದಿದ್ದರು. ಯಾರೂ ಬಾಯಿ ಬಿಡಲಿಲ್ಲ, ಎಲ್ಲರ ಕೈಗಳೂ ಆಡುತ್ತಿದ್ದವು.

ಆರು ತಿಂಗಳಾಗಿರಬೇಕು. ಒಂದು ಭಾನುವಾರ ಪೆನ್ಷನ್ ಕಾಗದಕ್ಕೆ ಮರಿಯಪ್ಪನ ಸಹಿ ಬೇಕಿತ್ತು, ಲಗ್ಗೆರೆಗೆ ಹೋದೆ. ಬಸ್ ಸ್ಟಾಪಿನ ಪಕ್ಕ ಒಂದು ಟೀ ಅಂಗಡಿ. ಅದರ ಮುಂದೆ ಏಳೆಂಟು ಜನ ಗಂಡಸರು ಬೆಂಚಿನ ಮೇಲೆ, ಕಲ್ಲಿನ ಮೇಲೆ ಕೂತಿದ್ದಾರೆ. ಒಂದು ಮಾತಿಲ್ಲ. ಆದರೆ ನಗುತ್ತಿದ್ದಾರೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನಡುವೆ ಸಿದ್ದಲಿಂಗಪ್ಪ. ಎರಡೂ ಕೈ ಗಾಳಿಯಲ್ಲಿ ಓಡುತ್ತಿದೆ, ಹುಬ್ಬು ಕುಣಿಯುತ್ತಿದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಮರಿಯಪ್ಪನನ್ನು ಪಕ್ಕಕ್ಕೆ ಕರೆದೆ.

“ಇವರು ಇಲ್ಲಿ?”

“ಪ್ರತಿ ಭಾನುವಾರ ಬರ್ತಾನೆ ಮಿಸ್. ಬೆಳಿಗ್ಗೆ ರೈಲಲ್ಲಿ ಯಶವಂತಪುರಕ್ಕೆ ಬಂದು, ಸಾಯಂಕಾಲ ಹೋಗ್ತಾನೆ.”

“ಏನು ಕೆಲಸ?”

“ಮಾತಾಡಕ್ಕೆ.”

“ಊರಲ್ಲಿ ಜನ ಇಲ್ವಾ?”

ಮರಿಯಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. “ಅವ್ನಿಗೆ ಕಿವಿ ಪೂರ್ತಿ ಹೋಗಿದೆ ಮಿಸ್. ಹತ್ತು ವರ್ಷ ಆಯ್ತು. ನಿಮಗೆ ಗೊತ್ತಿರ್ಲಿಲ್ವಾ?”

ಗೊತ್ತಿರಲಿಲ್ಲ. ಪ್ರೆಸ್ ಶಾಪಿನಲ್ಲಿ ಕಿವಿ ಹೋದವನು ಯಾರು, ಇರುವವನು ಯಾರು ಎಂದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಅಲ್ಲಿ ಎಲ್ಲರಿಗೂ ಕೈಯೇ ಮಾತು. ಕಿವಿ ಹೋದದ್ದು ಆಫೀಸಿಗೆ ಗೊತ್ತಾದರೆ ಮಷೀನಿನಿಂದ ತೆಗೆದು ಗುಡಿಸುವ ಕೆಲಸಕ್ಕೆ ಹಾಕುತ್ತಾರೆ ಎಂಬ ಭಯ. “ಯಾರಿಗೆ ಗೊತ್ತಾದ್ರೂ ಪರ್ವಾಗಿಲ್ಲ, ಮಿಸ್‌ಗೆ ಮಾತ್ರ ಬೇಡ ಅಂತ ನಾವೆಲ್ಲ ಮಾತಾಡ್ಕೊಂಡಿದ್ವಿ” ಎಂದ ಮರಿಯಪ್ಪ, ನೆಲ ನೋಡುತ್ತ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಿ. ಜನರ ಕ್ಷೇಮ ನೋಡಿಕೊಳ್ಳಲು ನಿಮ್ಮನ್ನು ಇಟ್ಟಿರುತ್ತಾರೆ, ಜನ ತಮ್ಮ ನೋವನ್ನು ಮೊದಲು ಮುಚ್ಚಿಡುವುದು ನಿಮ್ಮಿಂದಲೇ.

ಅಷ್ಟರಲ್ಲಿ ಸಿದ್ದಲಿಂಗಪ್ಪ ನನ್ನನ್ನು ಕಂಡರು. ಕೈಗಳು ನಿಂತವು. ಎದ್ದು ನಿಂತು ಉಳಿದವರಿಗೆ ಒಂದು ಸನ್ನೆ ಮಾಡಿದರು. ಬಲಗೈಯ ಬೆರಳಿನಿಂದ ಎಡ ಅಂಗೈಯ ಮೇಲೆ ಅಡ್ಡಕ್ಕೆ ಒಂದು ಗೆರೆ. ಎಲ್ಲರೂ ನನ್ನ ಕಡೆ ತಿರುಗಿದರು.

“ಏನದು?” ಎಂದೆ.

ಮರಿಯಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. “ಅದು ನೀವೇ ಮಿಸ್. ನಿಮ್ಮ ಹೆಸರು. ಮೊದಲಿಂದ್ಲೂ ಅದೇ.”

ಯಾರು ಇಟ್ಟದ್ದು ಎಂದು ಕೇಳಲಿಲ್ಲ. ಕೆಂಪು ಗೆರೆಯ ಮೇಲೆ ಬೆರಳಿಟ್ಟು ಎಳೆದ ಆ ಇಪ್ಪತ್ತೆರಡರ ಯುವಕ ನನ್ನ ಕಣ್ಣ ಮುಂದೆ ಬಂದ.

ಮರುದಿನವೇ ಜನರಲ್ ಮ್ಯಾನೇಜರಿಗೆ ನೋಟ್ ಬರೆದೆ. ಊರು ಆರಿಸುವಾಗ ನನ್ನಿಂದ ತಪ್ಪಾಗಿದೆ, ಅವರಿಗೆ ವಾಪಸ್ ಬರಲು ಲಾರಿ ಕೊಡಬೇಕು. ಉತ್ತರ ಅರ್ಧ ಸಾಲು: ಅವರು ಡಿಕ್ಲೇರ್ ಮಾಡಿದ ಊರಿಗೆ ಕಳಿಸಿದ್ದೇವೆ, ಕೇಸ್ ಕ್ಲೋಸ್ಡ್. ಸುಳ್ಳಲ್ಲ. ಫಾರ್ಮಿನಲ್ಲಿ ಹಾಗೇ ಇತ್ತು. ಲಾರಿ ಹೋಗಲಿ, ನಾನೇ ಏನಾದರೂ ಏರ್ಪಾಡು ಮಾಡುತ್ತೇನೆ ಎಂದುಕೊಂಡು ರಜೆ ಹಾಕಿ ಅರಸೀಕೆರೆಯ ರೈಲು ಹತ್ತಿದೆ.

ಗಂಗಮ್ಮ ನನ್ನನ್ನು ಕಂಡು ಓಡಿ ಬಂದರು. ಮೊದಲು ತೋರಿಸಿದ್ದು ಅಂಗಳ. ಹೀರೆಯ ಚಪ್ಪರ, ಬದನೆ ಗಿಡ, ಒಂದು ಬದಿಗೆ ಕನಕಾಂಬರ. ಜಗಲಿಯ ಮೇಲೆ ಸಿದ್ದಲಿಂಗಪ್ಪ ರಸ್ತೆ ನೋಡುತ್ತ ಕೂತಿದ್ದರು. ಅವರ ಅಣ್ಣ ಹಾದುಹೋಗುತ್ತ ಬಗ್ಗಿ ಕಿವಿಯ ಹತ್ತಿರ “ಊಟಾ?” ಎಂದು ಕೂಗಿದರು. ಇವರು ತಲೆಯಾಡಿಸಿದರು. ಪಕ್ಕದ ಮನೆಯವರು ಬಂದು “ಉಸಾರಾ?” ಎಂದು ಕೂಗಿದರು. ಮತ್ತೆ ತಲೆಯಾಡಿಸಿದರು. ಎರಡು ಗಂಟೆ ಅಲ್ಲಿದ್ದೆ. ಕೂಗಿ ಹೇಳಬಹುದಾದ ಮಾತುಗಳು ಎಷ್ಟು ಕಡಿಮೆ ಎಂದು ಆವತ್ತು ಗೊತ್ತಾಯಿತು. ಒಳ್ಳೆಯ ಜನ, ಪ್ರೀತಿಯ ಜನ, ಆದರೆ ಕೂಗಿ ಯಾರೂ ತಮಾಷೆ ಮಾಡಲಾರರು. ಕೂಗಿ ಯಾರೂ ಗುಟ್ಟು ಹೇಳಲಾರರು.

ಗಂಗಮ್ಮನನ್ನು ಚಪ್ಪರದ ಕೆಳಗೆ ಕೂರಿಸಿಕೊಂಡು ವಿಷಯ ತೆಗೆದೆ. “ನಿಮಗೆ ಇವರ ಕಿವಿ ವಿಷಯ ಗೊತ್ತಿತ್ತಾ?”

“ಮಂದ ಅಂತ ಗೊತ್ತಿತ್ತು ಮಿಸ್. ಮನೇಲಿ ನಾನು ಮಾತಾಡ್ತಿದ್ದೆ, ಅವ್ರು ಊಂ ಅಂತಿದ್ರು. ಎಲ್ಲಾ ಗಂಡಸ್ರೂ ಅಂಗೇ ಅಲ್ವಾ ಅನ್ಕಂಡಿದ್ದೆ.”

ನಗು ಬಂತು, ನಗಲಾಗಲಿಲ್ಲ. ಮೆಲ್ಲಗೆ ಕೇಳಿದೆ, “ವಾಪಸ್ ಲಗ್ಗೆರೆಗೆ ಬಂದುಬಿಡಿ. ಮನೆ ನಾನು ನೋಡ್ತೀನಿ. ಅಲ್ಲಿ ಅವರಿಗೆ ಮಾತಾಡೋರು ಇದ್ದಾರೆ.”

ಗಂಗಮ್ಮ ಒಂದು ಹೀರೆಕಾಯಿ ಕಿತ್ತು ಮಡಿಲಿಗೆ ಹಾಕಿಕೊಂಡರು.

“ಇಪ್ಪತ್ತು ವರ್ಸ ಒಂದೇ ರೂಮಲ್ಲಿ ಇದ್ದೆ ಮಿಸ್. ಕೊಳಾಯಿ ಮುಂದೆ ಬಿಂದ್ಗೆ ಇಟ್ಕಂಡು ಕಾದೆ, ಬಾಗ್ಲಿಗೆ ಅಡ್ಡ ಸೀರೆ ಕಟ್ಕಂಡು ಸ್ನಾನ ಮಾಡ್ದೆ. ಅವ್ರ ಊರು ಅಂತ ಇದ್ದೆ. ಒಂದಿನಾನೂ ಬ್ಯಾಡ ಅನ್ಲಿಲ್ಲ. ಈಗ ಇದು ನನ್ನೂರು. ಇದ್ಕೂ ನೀವು ಗೀಟು ಹೊಡೀತೀರಾ?”

ನನ್ನ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಶ್ರುತಿ, ನಿನ್ನ ಶೀಟಿನಲ್ಲೂ ಇಲ್ಲ. ‘ಅಲ್ಲಿ ನಿಮ್ಮ ಮಾತು ಯಾರಿಗೆ ತಿಳಿಯುತ್ತದೆ’ ಎಂದು ಬೇಕಾದರೆ ಇನ್ನೊಂದು ಕಾಲಂ ಹಾಕಿಕೋ. ಆದರೆ ಒಂದೇ ಊರಿಗೆ ಗಂಡ ಎರಡು ಮಾರ್ಕು, ಹೆಂಡತಿ ಹತ್ತು ಮಾರ್ಕು ಕೊಟ್ಟರೆ ಕೂಡಿ ಎರಡರಿಂದ ಭಾಗಿಸುವುದಾ? ನನಗೆ ಇವತ್ತಿಗೂ ಗೊತ್ತಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಒಂದು ಯೋಚನೆ ಬಂತು. ಮುಂದಿನ ಐದಾರು ಭಾನುವಾರ ಟೀ ಅಂಗಡಿಗೆ ಹೋದೆ. ಎರಡು ಗೆರೆಯ ನೋಟ್‌ಬುಕ್ಕು, ಅದೇ ಕೆಂಪು ಪೆನ್ಸಿಲ್. ಮರಿಯಪ್ಪ ಕೈ ತೋರಿಸಿದ, ನಾನು ಚಿತ್ರ ಬರೆದೆ. “ಹೆಬ್ಬೆಟ್ಟು ಹಾಗಲ್ಲ ಮಿಸ್, ಹೀಗೆ. ನೀವು ಬರೆದಂಗೆ ಮಾಡಿದ್ರೆ ಬೇರೇನೋ ಆಗ್ಬಿಡತ್ತೆ.” ಬೇರೇನು ಎಂದು ಯಾರೂ ಹೇಳಲಿಲ್ಲ, ಎಲ್ಲರೂ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು. ಸಿದ್ದಲಿಂಗಪ್ಪನೂ ಕೂತಿರುತ್ತಿದ್ದರು. ಏನು ಮಾಡುತ್ತಿದ್ದೇನೆ ಎಂದು ತಿಳಿದ ಮೇಲೆ ಒಂದು ದಿನ ನೋಟ್‌ಬುಕ್ ನನ್ನ ಕೈಯಿಂದ ತೆಗೆದುಕೊಂಡು, ಒಂದು ಚಿತ್ರದ ತೋರುಬೆರಳನ್ನು ಪೆನ್ಸಿಲ್‌ನಿಂದ ಅರ್ಧಕ್ಕೆ ಹೊಡೆದುಹಾಕಿ ವಾಪಸ್ ಕೊಟ್ಟರು. ಹೌದಲ್ಲ, ಗಂಗಮ್ಮ ಕಲಿಯಬೇಕಾದದ್ದು ಅವರ ಕೈಯ ಮಾತನ್ನು.

ನೋಟ್‌ಬುಕ್ ಕೊಡಲು ಹೋದಾಗ ಗಂಗಮ್ಮ ಅಂದರು, “ಇದೇನ್ ಮಿಸ್, ಇನ್ನೊಂದು ಫಾರ್ಮಾ?”

“ಅಲ್ಲ, ಚಿತ್ರ. ಓದೋಕೆ ಬರಬೇಕಾಗಿಲ್ಲ.”

ಎರಡು ಪುಟ ತಿರುವಿದರು. “ಊರ್ ಮುಂದೆ ಇಂಗೆಲ್ಲ ಕೈ ತಿರುಗಿಸ್ಕಂಡು ಕೂತ್ರೆ ಏನಂತಾರೆ? ನಾಚ್ಕೆ ಆಯ್ತದೆ ಬಿಡಿ.” ಅದನ್ನು ಒಯ್ದು ಉಪ್ಪಿನಕಾಯಿ ಜಾಡಿಯ ಕೆಳಗೆ ಇಟ್ಟರು. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವ ಹಕ್ಕು ನನಗಿರಲಿಲ್ಲ.

ಅದಾದ ಮೇಲೆ ಸಿದ್ದಲಿಂಗಪ್ಪ ಟೀ ಅಂಗಡಿಗೆ ಬರುವುದು ಕಡಿಮೆಯಾಯಿತು. ತಿಂಗಳಿಗೊಮ್ಮೆ, ಆಮೇಲೆ ಅದೂ ಇಲ್ಲ. ಮಂಡಿನೋವಂತೆ ಎಂದ ಮರಿಯಪ್ಪ. ನನಗೆ ಆ ಜಗಲಿ, ಆ ಖಾಲಿ ರಸ್ತೆ, “ಊಟಾ?” ಎನ್ನುವ ಕೂಗು ಕಣ್ಣಿಗೆ ಕಟ್ಟುತ್ತಿತ್ತು.

ಮೂರು ವರ್ಷಕ್ಕೆ ನನ್ನ ಸರದಿಯೂ ಬಂತು. ಕೊನೆಯ ಬ್ಯಾಚಿನಲ್ಲಿ ನನಗೂ ಸ್ವಯಂ ನಿವೃತ್ತಿ. ನನ್ನ ಫಾರ್ಮ್ ತೆಗೆದು ನೋಡಿದೆ. ಹೋಮ್ ಟೌನ್: ದಾವಣಗೆರೆ. ನನ್ನದೇ ದುಂಡು ಅಕ್ಷರ. ನಾನು ಮದುವೆಯಾಗಲಿಲ್ಲ, ಕೇಳಬೇಕಾದವರು ಯಾರೂ ಇರಲಿಲ್ಲ. ತಂಗಿ ಅಲ್ಲೇ ಇದ್ದಳು, ಶ್ರುತಿ ಆಗ ಲಂಗ ಹಾಕುವ ಹುಡುಗಿ. ನನ್ನ ಪಟ್ಟಿ ಹಿಡಿದು ಹತ್ತು ದಿನ ಇದ್ದು ಬರಲು ಹೋದೆ. ಹತ್ತಕ್ಕೆ ಒಂಬತ್ತು ಬಂತು. ಕಾನ್ವೆಂಟಿನ ಗೇಟು ಹಾಗೇ ಇತ್ತು, ಒಳಗಿನ ಸಿಸ್ಟರುಗಳಲ್ಲಿ ಒಬ್ಬರೂ ನನ್ನನ್ನು ಗುರುತಿಸುವವರು ಇರಲಿಲ್ಲ. ಆರನೇ ದಿನ ನನಗೆ ಜ್ವರ ಬಂತು. ತಂಗಿ ಹಣೆಗೆ ಬಟ್ಟೆ ಇಟ್ಟಳು, ಗಂಜಿ ಮಾಡಿದಳು, ಏನೂ ಕಡಿಮೆ ಮಾಡಲಿಲ್ಲ. ಆದರೆ ನಾನು ಮಲಗಿದಲ್ಲಿ ಕಣ್ಣು ಮುಚ್ಚಿ ಪೀಣ್ಯದ ನನ್ನ ಬಾಡಿಗೆ ಮನೆಯ ಮಂಚವನ್ನು, ಕಿಟಕಿಯಾಚೆ ಯಾವುದೋ ವರ್ಕ್‌ಶಾಪಿನ ಸದ್ದನ್ನು ಹುಡುಕುತ್ತಿದ್ದೆ. ರಾವ್ ಸಾರ್ ನಶ್ಯದ ವಾಸನೆ ಮೂಗಿಗೆ ಬಡಿದ ಹಾಗಾಯಿತು.

ಅದಕ್ಕೇ ನಾನು ದಾವಣಗೆರೆಗೆ ಹೋಗದೆ ಲಗ್ಗೆರೆಯಲ್ಲಿ ಮನೆ ಮಾಡಿದೆ, ಇವತ್ತಿಗೂ ಇಲ್ಲೇ ಇದ್ದೇನೆ. “ವೈಟ್‌ಫೀಲ್ಡ್ ಕಡೆ ಸೀನಿಯರ್ಸ್‌ಗೇ ಅಂತ ಅಪಾರ್ಟ್‌ಮೆಂಟ್ ಇದೆ, ಲಿಫ್ಟ್ ಇದೆ, ನರ್ಸ್ ಇದಾರೆ, ಈ ಗಲಾಟೆಯಲ್ಲಿ ಏನಿದೆ ದೊಡ್ಡಮ್ಮಾ?” ಎಂದು ಶ್ರುತಿ ಆಗಾಗ ಕೇಳುತ್ತಾಳೆ. ಕೆಳಗಿನ ಮನೆಯಲ್ಲಿ ಒಂದು ಸಣ್ಣ ಪ್ರೆಸ್ ಇದೆ, ಬೀಗದ ಪಟ್ಟಿ ಹೊಡೆಯುವುದು. ಟೀ ಕುಡಿಯುವಾಗ ನನ್ನ ಸಾಸರ್ ಮೆಲ್ಲಗೆ ಅಲುಗುತ್ತದೆ. ಅಷ್ಟನ್ನು ಅವಳಿಗೆ ಹೇಗೆ ಹೇಳಲಿ.

ಸಿದ್ದಲಿಂಗಪ್ಪನನ್ನು ನಾನು ಕೊನೆಯ ಸಲ ನೋಡಿದ್ದು ಆ ದಾವಣಗೆರೆಯಿಂದ ವಾಪಸ್ ಬರುವಾಗ. ಇಂಥ ದಿನ, ಇಂಥ ರೈಲಿನಲ್ಲಿ ಅರಸೀಕೆರೆ ದಾಟುತ್ತೇನೆ ಎಂದು ಒಂದು ಕಾರ್ಡ್ ಬರೆದಿದ್ದೆ. ಬರುತ್ತಾರೆಂದು ಅಂದುಕೊಂಡಿರಲಿಲ್ಲ. ಮಧ್ಯಾಹ್ನದ ಬಿಸಿಲು. ಪ್ಲಾಟ್‌ಫಾರಂ ತುಂಬ ಜನ, ಇಡ್ಲಿ-ವಡೆಯವರ ಕೂಗು, ಪಕ್ಕದ ಲೈನಿನಲ್ಲಿ ಗೂಡ್ಸ್ ಗಾಡಿಯ ಗಡಗಡ. ಕಿಟಕಿಯ ಸರಳಿನ ಹಿಂದೆ ನಾನು. ಹತ್ತು ಮಾರು ದೂರದಲ್ಲಿ, ನೀರಿನ ನಲ್ಲಿಯ ಹತ್ತಿರ ಅವರಿಬ್ಬರೂ. ಅವರು ಕೋಲು ಊರಿದ್ದರು, ಗಂಗಮ್ಮನ ಬಲಗೈಯಲ್ಲಿ ಒಂದು ಚೀಲ, ಹೀರೆಕಾಯಿ ತಲೆ ಹೊರಗೆ ಹಾಕಿತ್ತು. ನನಗೇ ತಂದದ್ದಿರಬೇಕು. ಕಿಟಕಿಯವರೆಗೆ ಬರಲು ಜನ ಬಿಡುತ್ತಿಲ್ಲ. ನಾನು ಕೂಗಿದೆ. ಆ ಗದ್ದಲದಲ್ಲಿ ನನ್ನ ಕಾನ್ವೆಂಟ್ ದನಿ ನನಗೇ ಕೇಳಿಸಲಿಲ್ಲ.

ಸಿದ್ದಲಿಂಗಪ್ಪ ನನ್ನನ್ನು ಕಂಡರು. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹೆಂಡತಿಯ ಕಡೆ ತಿರುಗಿ, ಅಂಗೈಯ ಮೇಲೆ ಅಡ್ಡ ಗೆರೆ ಎಳೆದು ನನ್ನತ್ತ ತೋರಿಸಿದರು. ಗಂಗಮ್ಮ ತಲೆಯೆತ್ತಿ ಸೀದಾ ನನ್ನ ಕಿಟಕಿಯನ್ನೇ ನೋಡಿದರು. ಆಮೇಲೆ ಸಿದ್ದಲಿಂಗಪ್ಪ ಎರಡೂ ಕೈ ಭುಜದ ಎತ್ತರಕ್ಕೆ ಎತ್ತಿ, ಅಂಗೈ ಬಿಚ್ಚಿ ನನಗೆ ತೋರಿಸಿದರು. ಒಂಬತ್ತು ಬೆರಳು, ಒಂದು ಮೋಟು.

ರೈಲು ಮೆಲ್ಲಗೆ ಅಲುಗಿತು. ನಾನೂ ಸರಳಿನ ಹಿಂದಿನಿಂದ ಎರಡೂ ಕೈ ಎತ್ತಿದೆ.

ಗಂಗಮ್ಮ ಎಡಗೈ ಎತ್ತಿದರು. ಬಲಗೈಯಲ್ಲಿ ಚೀಲವಿತ್ತು. ಸಿದ್ದಲಿಂಗಪ್ಪ ಅದನ್ನು ನೋಡಿ, ಅವರತ್ತ ಬಗ್ಗಿ ಬೆರಳುಗಳಲ್ಲಿ ಏನೋ ಅಂದರು. ಗಂಗಮ್ಮ ತಿರುಗಿ ಬೆರಳುಗಳಲ್ಲೇ ಏನೋ ಉತ್ತರ ಕೊಟ್ಟರು, ಚುರುಕಾಗಿ, ಬೈದ ಹಾಗೆ. ಸಿದ್ದಲಿಂಗಪ್ಪ ಬಾಯಿ ಬಿಟ್ಟು ನಕ್ಕರು. ನಗುತ್ತಲೇ ಚೀಲವನ್ನು ಅವರ ಕೈಯಿಂದ ತೆಗೆದುಕೊಂಡರು. ರೈಲು ತಿರುವಿಗೆ ಬರುವ ಹೊತ್ತಿಗೆ ಗಂಗಮ್ಮನ ಎರಡೂ ಕೈ ಮೇಲಿತ್ತು.